ಆರ್ಗನ್‌ಗೆ ಡಿಸ್ಟಾರ್ಷನ್ ಹಾಕಿ, ಆದ್ರೆ ಲೆಸ್ಲಿ ತಿರುಗೋಕ್ಕಿಂತ ಮುಂಚೆ

ಹೋದ ವಾರ ಒಬ್ಬ ಹುಡುಗ ಪ್ರಾಜೆಕ್ಟ್ ಫೈಲ್ ಕಳಿಸಿದ್ದ, "ಸರ್, ಡಿಸ್ಟಾರ್ಷನ್ ಹಾಕಿದ ತಕ್ಷಣ ಲೆಸ್ಲಿ ತಿರುಗೋದೇ ಕೇಳ್ಸಲ್ಲ, ಪ್ಲಗಿನ್ ಕೆಟ್ಟಿದ್ಯಾ" ಅಂತ. ಲೆಸ್ಲಿ ಅಂದ್ರೆ ಆರ್ಗನ್ ದನಿಯನ್ನ ತಿರುಗಿಸಿ ಹೊರಡಿಸೋ ಸ್ಪೀಕರ್ ಪೆಟ್ಟಿಗೆ, ಡಿಸ್ಟಾರ್ಷನ್ ಅಂದ್ರೆ ದನಿನ ಒರಟು ಮಾಡೋ ಎಫೆಕ್ಟ್, ಪ್ಲಗಿನ್ ಅಂದ್ರೆ ಇವನ್ನ ಕಂಪ್ಯೂಟರ್‌ನಲ್ಲಿ ಕೊಡೋ ಸಾಫ್ಟ್‌ವೇರ್. ಪ್ಲಗಿನ್ ಚೆನ್ನಾಗೇ ಇತ್ತು. ಅವನ ಕೈಯೂ ಚೆನ್ನಾಗಿದೆ, ಎಡಗೈ ಬೇಸ್ ಕೇಳಿ ನಂಗೆ ನಿಜವಾಗ್ಲೂ ಖುಷಿಯಾಯ್ತು. ಆದ್ರೆ ಆರ್ಗನ್ ಒಳಗಿನ ರೋಟರಿ, ಅಂದ್ರೆ ಲೆಸ್ಲಿಯ ನಕಲು, ಆನ್ ಇಟ್ಟು, ಅದರ ಔಟ್‌ಪುಟ್ ಮೇಲೆ ಡಿಸ್ಟಾರ್ಷನ್ ಕೂರಿಸಿದ್ದ. ನನ್ನ ಹತ್ರ ಪದೇ ಪದೇ ಬರೋದು ಇದೇ ತಪ್ಪು, ಎಷ್ಟು ಸಲ ಹೇಳಿದ್ರೂ ಮತ್ತೆ ಅದೇ.

ಸ್ವಲ್ಪ ನಿಧಾನವಾಗಿ ನೋಡಿ. ನಿಜವಾದ ಲೆಸ್ಲಿ 122 ಪೆಟ್ಟಿಗೆಯೊಳಗೆ ಮೊದಲು 40 ವ್ಯಾಟ್ ವಾಲ್ವ್ ಆಂಪ್, ಆಮೇಲೆ 800 ಹರ್ಟ್ಸ್ ಹತ್ರ ದನಿ ಎರಡು ಪಾಲಾಗುತ್ತೆ, ಮೇಲಿಂದು ತಿರುಗೋ ಹಾರ್ನ್‌ಗೆ, ಕೆಳಗಿಂದು ತಿರುಗೋ ಡ್ರಮ್‌ಗೆ. ಆ ಗುರ್ ಅನ್ನೋ ಒರಟು ಹುಟ್ಟೋದು ಆಂಪ್‌ನಲ್ಲಿ, ಅಂದ್ರೆ ತಿರುಗೋಕ್ಕಿಂತ ಮುಂಚೆ. ತಿರುಗೋದು ಅಂದ್ರೆ ದನಿ ಜೋರಾಗಿ ಮೆತ್ತಗಾಗೋದು, ಜೊತೆಗೆ ಶ್ರುತಿ ಚೂರು ಏರಿ ಇಳಿಯೋದು. ಡಿಸ್ಟಾರ್ಷನ್ ಮಾಡೋದೇ ಜೋರಾಗಿರೋ ತುದೀನ ಚಪ್ಪಟೆ ಮಾಡೋ ಕೆಲಸ, ಅದನ್ನ ಕೊನೆಗೆ ಹಾಕಿದ್ರೆ ಆ ಏರಿಳಿತಾನೇ ನುಂಗಿಬಿಡುತ್ತೆ. ಹಾಗಾಗಿ ಒಳಗಿನ ರೋಟರಿ ಆಫ್ ಮಾಡಿ, ಡಿಸ್ಟಾರ್ಷನ್ ಹಾಕಿ, ಎಲ್ಲಕ್ಕಿಂತ ಕೊನೆಗೆ ಬೇರೆ ರೋಟರಿ ಪ್ಲಗಿನ್ ಇಡಿ. ಲೆಸ್ಲಿ ಮುಂದಿಟ್ಟ ಮೈಕ್‌ನ ಪ್ರೀಆಂಪೇ ಜೋರು ತಾಳದೆ ಒಡೆದ ಥರದ ಸದ್ದು ಬೇಕಿದ್ರೆ ಉಲ್ಟಾ ಮಾಡಬಹುದು, ಬೇಡ ಅನ್ನಲ್ಲ, ಆದ್ರೆ ಗೊತ್ತಿದ್ದು ಮಾಡಿ.

ವಾಹ್ ಬಗ್ಗೇನೂ ಇದೇ ಗೋಳು, "ವಾಹ್ ಪೆಡಲ್ ಬರೀ ವಾಲ್ಯೂಮ್ ಥರ ಕೆಲಸ ಮಾಡ್ತಿದೆ" ಅಂತ. ಡ್ರಾಬಾರ್, ಅಂದ್ರೆ ಆರ್ಗನ್ ದನಿ ಬೆರೆಸೋ ಎಳೆಯೋ ಪಟ್ಟಿಗಳು, ನೋಡಿದ್ರೆ 8 ಅಡಿದು (ಒತ್ತಿದ ಸ್ವರವನ್ನೇ ಕೊಡೋದು) ಒಂದೇ ಎಳೆದಿರ್ತಾರೆ. ಹ್ಯಾಮಂಡ್ ಆರ್ಗನ್‌ನ ಒಂದು ಡ್ರಾಬಾರ್ ಅಂದ್ರೆ ಹೆಚ್ಚುಕಮ್ಮಿ ಬರೀ ಸೈನ್ ವೇವ್, ಅದರಲ್ಲಿ ಒಂದೇ ಫ್ರೀಕ್ವೆನ್ಸಿ. ವಾಹ್ ಒಂದು ಫಿಲ್ಟರ್, ಬಾಯಿ ತೆರೆದು ಮುಚ್ಚಿದ ಹಾಗೆ ಬೇರೆ ಬೇರೆ ಹಾರ್ಮೋನಿಕ್ (ಮೂಲ ಸ್ವರದ ಮೇಲೆ ಸೇರಿರೋ ಉಪಸ್ವರ) ಎತ್ತಿ ತೋರಿಸುತ್ತೆ. ಎತ್ತೋಕೆ ಹಾರ್ಮೋನಿಕ್ಕೇ ಇಲ್ದಿದ್ರೆ ಏನು ತೋರಿಸುತ್ತೆ? ಮೇಲಿನ ಡ್ರಾಬಾರ್‌ಗಳನ್ನೂ ಎಳೀರಿ, ಇಲ್ಲಾಂದ್ರೆ ಡಿಸ್ಟಾರ್ಷನ್ ಮೊದಲು ಹಾಕಿ ಹಾರ್ಮೋನಿಕ್ ಹುಟ್ಟಿಸಿ ಆಮೇಲೆ ವಾಹ್ ಇಡಿ. ಗಿಟಾರ್‌ನವರು ಸಾಮಾನ್ಯವಾಗಿ ವಾಹ್ ಮೊದಲು ಇಡ್ತಾರೆ ಅಂತ ನೀವೂ ಹಾಗೇ ಇಡಬೇಕಿಲ್ಲ, ತಂತಿಯಲ್ಲಿ ಹಾರ್ಮೋನಿಕ್ ಮೊದಲೇ ತುಂಬಿರುತ್ತೆ.

ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯುವಾಗ್ಲೂ ಜೋಪಾನ. ಮಿಡಲ್ ಸಿ ಸಾ ಅಂತಿಟ್ಕೊಳ್ಳಿ, 261.6 ಹರ್ಟ್ಸ್, ಪಾ 392. ಡಿಸ್ಟಾರ್ಷನ್ ಎರಡರ ವ್ಯತ್ಯಾಸನೂ ಹುಟ್ಟಿಸುತ್ತೆ, 130.4, ಕೆಳಗಿನ ಸಾ 130.8, ಹಾಗಾಗಿ ಗಟ್ಟಿಯಾಗಿ ಕೂರುತ್ತೆ. ಸಾ ಜೊತೆ ಗಾ ಒತ್ತಿದ್ರೆ ವ್ಯತ್ಯಾಸ 68, ಆದ್ರೆ ಅಲ್ಲಿನ ಸಾ 65.4, ಶ್ರುತಿ ಸೇರಲ್ಲ, ಕೆಸರಾಗುತ್ತೆ. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಹ್ಯಾಮಂಡನ್ನ ಮಾರ್ಷಲ್ ಆಂಪ್‌ಗೆ ಕೊಟ್ಟು ನುಡಿಸ್ತಿದ್ರಲ್ಲ, ಅದನ್ನ ಕೇಳುವಾಗ ಎಷ್ಟು ಸ್ವರ ಒಟ್ಟಿಗೆ ಒತ್ತಿದ್ದಾರೆ ಅಂತ ಗಮನಿಸಿ.

ಕಾಲಿನ ಪೆಡಲ್ಲನ್ನ ಟ್ರ್ಯಾಕ್ ವಾಲ್ಯೂಮ್‌ಗೆ ಕಟ್ಟಬೇಡಿ, ಡಿಸ್ಟಾರ್ಷನ್‌ಗಿಂತ ಮುಂಚೆ ಬರೋ ಎಕ್ಸ್‌ಪ್ರೆಶನ್‌ಗೆ, ಸಾಮಾನ್ಯವಾಗಿ ಸಿಸಿ 11 (ಮಿಡಿ ಕಂಟ್ರೋಲ್ ನಂಬರ್), ಕಟ್ಟಿ. ಒತ್ತಿದಷ್ಟು ಒರಟು, ಬಿಟ್ರೆ ನುಣುಪು.

ಆ ಹುಡುಗ ಸರಿ ಮಾಡಿ ನಿನ್ನೆ ವಾಪಸ್ ಕಳಿಸಿದ. ಹಾಡಿನ ಕೋರಸ್ ಶುರುವಾಗೋ ಕಡೆ ಲೆಸ್ಲಿ ಫಾಸ್ಟ್‌ಗೆ ಹಾಕಿದ್ದಾನೆ, ಹಾರ್ನ್ ಬೇಗ ವೇಗ ಹಿಡಿಯೋದು, ಭಾರದ ಡ್ರಮ್ ಹಿಂದಿಂದ ನಿಧಾನಕ್ಕೆ ಬಂದು ಸೇರ್ಕೊಳ್ಳೋದು, ಎರಡೂ ಈಗ ಬೇರೆ ಬೇರೆಯಾಗಿ ಕೇಳಿಸ್ತಿದೆ.