ಲಾಪ್ಟೆವ್ ಸಮುದ್ರ: ಯಾರು ಆ ಲಾಪ್ಟೆವ್?

ಪ್ರಶ್ನೆ: ಭೂಪಟದಲ್ಲಿ ಸೈಬೀರಿಯಾದ ಮೇಲೆ ‘ಲಾಪ್ಟೆವ್ ಸಮುದ್ರ’ ಅಂತ ಇದೆ. ಅದು ಎಲ್ಲಿಂದ ಎಲ್ಲಿವರೆಗೆ? ಲಾಪ್ಟೆವ್ ಯಾರು?

ಒಬ್ಬರಲ್ಲ, ಇಬ್ಬರು! ರಷ್ಯನ್ ಭಾಷೆಯಲ್ಲಿ ಇದು ‘ಮೋರೆ ಲಾಪ್ತೆವಿಖ್’, ಅಂದರೆ ‘ಲಾಪ್ಟೆವರ ಸಮುದ್ರ’. ಇಂಗ್ಲಿಷ್ ಮೂಲಕ ನಮ್ಮ ಭೂಪಟಕ್ಕೆ ಬರುವಷ್ಟರಲ್ಲಿ ಆ ‘ರ’ ಕಳಚಿಹೋಗಿದೆ.

ಮೊದಲು ಜಾಗ ನೋಡೋಣ. ಪಶ್ಚಿಮಕ್ಕೆ ತೈಮಿರ್ ಪರ್ಯಾಯ ದ್ವೀಪ ಮತ್ತು ಸೆವೆರ್ನಾಯಾ ಜೆಮ್ಲ್ಯಾ ದ್ವೀಪಗಳು, ಪೂರ್ವಕ್ಕೆ ನ್ಯೂ ಸೈಬೀರಿಯನ್ ದ್ವೀಪಗಳು. ದಕ್ಷಿಣದಿಂದ ಲೇನಾ ನದಿ ಬಂದು ಸೇರುತ್ತದೆ. ಅರ್ಧಕ್ಕಿಂತ ಜಾಸ್ತಿ ಭಾಗ 50 ಮೀಟರ್ ಆಳವೂ ಇಲ್ಲ. ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಚಳಿಗಾಲದಲ್ಲಿ ನೆಲದ ಕಡೆಯಿಂದ ಬೀಸುವ ಗಾಳಿ ಮಂಜುಗಡ್ಡೆಯನ್ನು ದೂರ ತಳ್ಳುತ್ತದೆ. ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಗಾಳಿ ಮತ್ತೆ ತಳ್ಳುತ್ತದೆ. ಹೀಗೆ ಇಲ್ಲಿ ಹುಟ್ಟಿದ ಮಂಜುಗಡ್ಡೆ ಧ್ರುವವನ್ನು ಹಾದು ಗ್ರೀನ್‌ಲ್ಯಾಂಡ್‌ನ ಕಡೆಗೆ ತೇಲಿಹೋಗುತ್ತದೆ.

ಇನ್ನು ಹೆಸರು. ದ್ಮಿತ್ರಿ ಮತ್ತು ಖರಿಟೋನ್ ಲಾಪ್ಟೆವ್ ರಷ್ಯಾದ ನೌಕಾಪಡೆಯವರು. ಇವರ ತಂದೆಯರು ಅಣ್ಣತಮ್ಮಂದಿರು. ನಮ್ಮ ಕಡೆಯ ಲೆಕ್ಕದಲ್ಲಿ ಇವರೂ ಅಣ್ಣತಮ್ಮಂದಿರೇ ಅಲ್ವಾ? ಸೈಬೀರಿಯಾದ ಉತ್ತರ ಕರಾವಳಿಯ ನಕ್ಷೆ ಮಾಡಲು ರಷ್ಯಾ 1733ರಿಂದ 1743ರವರೆಗೆ ನಡೆಸಿದ ‘ಮಹಾ ಉತ್ತರ ಯಾತ್ರೆ’ಯಲ್ಲಿ ದ್ಮಿತ್ರಿ ಲೇನಾದಿಂದ ಪೂರ್ವದ ಕರಾವಳಿಯನ್ನು ಅಳೆದರು, ಖರಿಟೋನ್ ಪಶ್ಚಿಮದ್ದನ್ನು. 1740ರಲ್ಲಿ ಖರಿಟೋನರ ಹಡಗು ‘ಯಾಕುತ್ಸ್ಕ್’ ಮಂಜುಗಡ್ಡೆಗೆ ಸಿಕ್ಕಿ ಒಡೆಯಿತು. ಅವರು ಕೆಲಸ ಬಿಡಲಿಲ್ಲ. ನಾಯಿ ಎಳೆಯುವ ಜಾರುಬಂಡಿಯಲ್ಲಿ ಹೋಗಿ ತೈಮಿರ್ ತೀರವನ್ನು ಅಳೆದರು. ಆ ಚಳಿಯಲ್ಲಿ! ಈ ಸಮುದ್ರಕ್ಕೆ ಒಂದು ಕಾಲದಲ್ಲಿ ನೋರ್ಡೆನ್‌ಶೋಲ್ಡ್ ಎಂಬ ಸ್ವೀಡನ್‌ನ ಯಾತ್ರಿಕನ ಹೆಸರಿತ್ತು. 1935ರಲ್ಲಿ ಸೋವಿಯತ್ ಸರ್ಕಾರ ಲಾಪ್ಟೆವರ ಹೆಸರನ್ನು ಖಾಯಂ ಮಾಡಿತು.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮಾತ್ರ ಈ ತೀರದ ಇನ್ನೊಂದು ಹೆಸರು. ಖರಿಟೋನರಿಗಿಂತ ಮೊದಲು ‘ಯಾಕುತ್ಸ್ಕ್’ ನಡೆಸಿದವರು ವಸೀಲಿ ಪ್ರೊಂಚಿಶ್ಚೆವ್. ಅವರ ಹೆಂಡತಿಯೂ ಜೊತೆಯಲ್ಲೇ ಹೋಗಿದ್ದರು. 1736ರಲ್ಲಿ ಗಂಡ ತೀರಿಕೊಂಡರು. ಕೆಲವೇ ದಿನಗಳಲ್ಲಿ ಹೆಂಡತಿಯೂ ಹೋದರು. ಒಲೆನ್ಯೋಕ್ ನದಿಯ ಬಾಯಲ್ಲಿ ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಿದರು. ತೈಮಿರ್ ತೀರದ ಒಂದು ಕೊಲ್ಲಿಗೆ ಆಕೆಯ ನೆನಪಿಗಾಗಿ ‘ಮರಿಯಾ ಪ್ರೊಂಚಿಶ್ಚೆವಾ’ ಎಂಬ ಹೆಸರಿದೆ. ಆದರೆ ಹಳೆಯ ದಾಖಲೆಗಳನ್ನು ಹುಡುಕಿದಾಗ ಆಕೆ ಮರಿಯಾ ಅಲ್ಲ, ತತ್ಯಾನಾ ಅಂತ ಗೊತ್ತಾಯಿತು. ಭೂಪಟದಲ್ಲಿ ಮಾತ್ರ ಆಕೆ ಇನ್ನೂ ಮರಿಯಾ.