ಬಾಯಿಗೆ ಬಂದ ಹೊಟ್ಟೆ

ಕೊಡಗಿನ ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ ಈಚೆಗೆ ಒಂದು ಸಣ್ಣ ಚಕಮಕಿ ನೋಡಿದೆ. ತಕ್ಕಡಿಗೆ ಬಿದ್ದ ಕಲ್ಲೂರು ಮೀನಿನ ಬಾಯಿಂದ ಊದಿಕೊಂಡ ಗುಲಾಬಿ ಬಣ್ಣದ ಚೀಲವೊಂದು ಹೊರಗೆ ಇಣುಕುತ್ತಿತ್ತು. "ಕರುಳು ಬಾಯಿಗೆ ಬಂದಿದೆ, ಕೊಳೆತ ಮೀನು" ಎಂದರು ಕೊಳ್ಳಲು ಬಂದಾಕೆ. "ಕೋರ ಹಾಗೆಯೇ ಬರುವುದು ಅಕ್ಕಾ" ಎಂದ ಮಾರುವವ, ಕಲ್ಲೂರನ್ನು ಅದರ ಮಲಯಾಳದ ಹೆಸರಿನಿಂದ ಕರೆದು. ಆಕೆ ನಂಬಲಿಲ್ಲ, ಬಂಗುಡೆ ಕೊಂಡು ಹೊರಟರು. ಮಾರುವವನ ಮಾತೇ ಸರಿಯಾಗಿತ್ತು.

ನನ್ನ ಕಸುಬು ಕಾಫಿ ತೋಟದ ಕೆರೆಗಳಿಗೆ ಕಾಟ್ಲಾ, ರೋಹು ಮರಿಗಳನ್ನು ಬಿಡಿಸುವುದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕಲಿತದ್ದು ಮಾತ್ರ ಹೆಚ್ಚಾಗಿ ಸಮುದ್ರದ ಮೀನಿನ ಬಗ್ಗೆ. ಕೆರೆ ನೋಡಲು ಕರೆದ ಮನೆಯವರೂ ಕಾಫಿ ಕೊಟ್ಟ ಮೇಲೆ ಕೇಳುವುದು ಸಂತೆಯ ಮೀನನ್ನೇ.

ಕಲ್ಲೂರು ಕೆಸರು, ಮರಳಿನ ತಳದಲ್ಲಿ ಬದುಕುವ ಮೀನು. ಅದರ ಹೊಟ್ಟೆಯೊಳಗೆ, ಬೆನ್ನೆಲುಬಿನ ಕೆಳಗೆ, ಗಾಳಿ ತುಂಬಿದ ಚೀಲವೊಂದಿದೆ. ಕಡಲ ತಳ ಗೋರುವ ಟ್ರಾಲ್ ಬಲೆ ಸರಸರನೆ ಮೇಲೇರಿದಾಗ ನೀರಿನ ಒತ್ತಡ ಇಳಿಯುತ್ತದೆ, ಆ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಚೀಲ ಪಕ್ಕದ ಜಠರವನ್ನು ಒಳಗು ಹೊರಗು ಮಾಡಿ ಬಾಯಿಂದ ಆಚೆ ತಳ್ಳುತ್ತದೆ. ಸಂತೆಯಲ್ಲಿ ಕಂಡದ್ದು ಕರುಳಲ್ಲ, ಮಗುಚಿದ ಜಠರ. ಬಲೆಗೆ ಬಿದ್ದಾಗ ಮೀನಿಗೆ ಜೀವವಿತ್ತು ಎಂಬುದಕ್ಕೆ ಅದು ಗುರುತು, ಅಷ್ಟೆ. ಆಮೇಲೆ ಅದು ಎಷ್ಟು ದಿನ ಐಸಿನಲ್ಲಿ ಮಲಗಿತ್ತು ಎಂಬುದನ್ನು ಜಠರ ಹೇಳುವುದಿಲ್ಲ. ಉಬ್ಬಿದ ಕಣ್ಣು ತಾಜಾತನದ ಲಕ್ಷಣ ಎನ್ನುವ ಪಾಠವೂ ಇಲ್ಲಿ ಅಷ್ಟಾಗಿ ನಡೆಯದು; ಅದೇ ಒತ್ತಡ ಕಣ್ಣನ್ನೂ ದೂಡಿರಬಹುದು. ಕಿವಿರು ಎತ್ತಿ ನೋಡಿ, ಕೆಂಪಿರಬೇಕು. ಹೊಟ್ಟೆಯನ್ನು ಬೆರಳಿನಿಂದ ಒತ್ತಿ, ಗುಳಿ ಉಳಿಯಬಾರದು. ಕರುಳು ಹೊಟ್ಟೆಯ ಗೋಡೆ ಹರಿದು ಕೆಳಗಿನಿಂದ ಬಂದಿದ್ದರೆ ಮಾತ್ರ ಆ ಅಕ್ಕನ ಹಾಗೆ ಮುಂದಕ್ಕೆ ನಡೆಯಿರಿ.

ಕಲ್ಲೂರು ಕೂಗುವ ಮೀನು; ಆ ಕೂಗು ಹುಟ್ಟುವುದೂ ಅದೇ ಗಾಳಿಚೀಲದಿಂದ. ಚೀಲದ ಬದಿಯ ಸ್ನಾಯುಗಳು ಅದನ್ನು ಚೆಂಡೆಯಂತೆ ಬಡಿಯುತ್ತವೆ, ನೀರಿನೊಳಗೆ ಗೊರಗೊರ ಸದ್ದು ಏಳುತ್ತದೆ. ಹಲವು ಜಾತಿಗಳಲ್ಲಿ ಕೂಗುವುದು ಗಂಡು ಮಾತ್ರ, ಅದೂ ಮೊಟ್ಟೆಯಿಡುವ ಕಾಲದಲ್ಲಿ ಜೋರು. ಮಲೇಷ್ಯಾದ ಕರಾವಳಿಯಲ್ಲಿ ನೀರಿಗೆ ಮುಳುಗಿ ಕಿವಿಗೊಟ್ಟು, ಹಿಂಡು ಎಲ್ಲಿದೆ ಎಂದು ಹೇಳುವ ನುರಿತ ಬೆಸ್ತರಿದ್ದರು. ಕೇಳುವುದಕ್ಕೂ ಮೀನು ಸಜ್ಜಾಗಿದೆ: ಕಲ್ಲೂರಿನ ತಲೆಯೊಳಗಿನ ಕಿವಿಗಲ್ಲುಗಳು ಇತರ ಮೀನುಗಳಿಗಿಂತ ಬಲು ದೊಡ್ಡವು. 'ಕಲ್ಲೂರು' ಎಂಬ ಹೆಸರು ಆ ಕಲ್ಲಿನಿಂದಲೇ ಬಂದಿರಬೇಕು ಎಂಬುದು ನನ್ನ ಊಹೆ, ಭಾಷಾತಜ್ಞರು ಬೈಯಲಿ. ಕಲ್ಲನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಂತೆ ಉಂಗುರಗಳು ಕಾಣುತ್ತವೆ. ಕಾಲೇಜಿನಲ್ಲಿ ಅವನ್ನು ಎಣಿಸಿ ಮೀನಿನ ವಯಸ್ಸು ಬರೆಯುತ್ತಾ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ನಾನೂ ನನ್ನ ಸಹಪಾಠಿಯೂ ಒಂದೇ ಕಲ್ಲಿಗೆ ಎರಡು ವಯಸ್ಸು ಬರೆದದ್ದೂ ಉಂಟು.

ಕೂಗುವ ಮೀನಿಗೆ ಸದ್ದೇ ಶತ್ರು. ಚೀನಾದಲ್ಲಿ ಹಳದಿ ಕಲ್ಲೂರಿನ ಹಿಂಡನ್ನು ದೋಣಿಗಳು ಸುತ್ತುವರಿದು, ಮರದ ಹಲಗೆ ಬಡಿದು ಸದ್ದೆಬ್ಬಿಸುತ್ತಿದ್ದವು. ಆ ಸದ್ದಿಗೆ ದೊಡ್ಡದು, ಮರಿ ಎನ್ನದೆ ಮೀನೆಲ್ಲ ಮರುಳು ಬಡಿದು ತೇಲುತ್ತಿದ್ದವು. 1950ರ ದಶಕದಲ್ಲಿ ಈ ಕ್ರಮ ಹಬ್ಬಿತು. ಕೆಲವೇ ದಶಕಗಳಲ್ಲಿ ಕಡಲಿನ ಸಂತತಿ ಕುಸಿಯಿತು. ಇಂದು ಅಲ್ಲಿ ಮಾರಾಟವಾಗುವ ಹಳದಿ ಕಲ್ಲೂರಿನಲ್ಲಿ ಬಹುಪಾಲು ಸಾಕಿದ್ದು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ಕುಟುಂಬದ ಯಜಮಾನ ಘೋಲ್. ಮೀಟರಿಗೂ ಮೀರಿ ಬೆಳೆಯುತ್ತದೆ. ಗುಜರಾತ್ 2023ರಲ್ಲಿ ಅದನ್ನು ರಾಜ್ಯ ಮೀನು ಎಂದು ಘೋಷಿಸಿತು. ಅದರ ಮಾಂಸಕ್ಕಿಂತ ಒಣಗಿಸಿದ ಗಾಳಿಚೀಲಕ್ಕೇ ಬೆಲೆ: ಹಾಂಕಾಂಗ್ ಕಡೆಯ ಅಡುಗೆಗೆ, ಔಷಧಿಗೆ, ಬಿಯರ್ ತಿಳಿಗೊಳಿಸುವುದಕ್ಕೆ ಬೇಕು. 2021ರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಒಂದು ದೋಣಿಗೆ ಸಿಕ್ಕ 157 ಘೋಲ್ ಸುಮಾರು 1.33 ಕೋಟಿ ರೂಪಾಯಿಗೆ ಹರಾಜಾದಾಗ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ನನಗೆ ಆ ಸುದ್ದಿ ಸಂಭ್ರಮ ತರಲಿಲ್ಲ. ಒಂದೇ ಬಲೆಗೆ ಅಷ್ಟು ದೊಡ್ಡ ಮೀನು ಬೀಳುತ್ತವೆ ಎಂದರೆ ಅವು ಒಟ್ಟುಗೂಡುವ ಮೀನು ಎಂದೇ ಅರ್ಥ; ಕೂಡುವ ಜಾಗ ಗೊತ್ತಾದ ಹಿಂಡು ಬಹಳ ಕಾಲ ಬಾಳುವುದಿಲ್ಲ.

ಕೊಡಗಿಗೆ ಘೋಲ್ ಬರುವುದು ಅಪರೂಪ. ಬರುವುದು ಗೇಣುದ್ದದ ಬೆಳ್ಳಿಬಣ್ಣದ ಕಲ್ಲೂರು, ಎರಡು ದಾರಿಯಲ್ಲಿ, ಎರಡು ಹೆಸರಿನಲ್ಲಿ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದರೆ ಕಲ್ಲೂರು. ತಲಶ್ಶೇರಿ, ಕಣ್ಣೂರು ಕಡೆಯಿಂದ ಮಾಕುಟ್ಟ ದಾಟಿ ವಿರಾಜಪೇಟೆಗೆ ಬಂದರೆ ಮಲಯಾಳದ ಕೋರ. ಜೂನ್, ಜುಲೈನಲ್ಲಿ ಕರ್ನಾಟಕದಲ್ಲಿ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಕೇರಳದಲ್ಲೂ ಟ್ರಾಲಿಂಗ್ ನಿಂತಿರುತ್ತದೆ. ತಮಿಳುನಾಡಿನ ಪೂರ್ವ ಕರಾವಳಿಯ ನಿಷೇಧ ಮಾತ್ರ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಮಳೆಗಾಲದ ನಡುವೆ ಸಿಗುವ ಕಲ್ಲೂರು ಅತ್ತಲಿಂದ ಲಾರಿಯಲ್ಲಿ ಬಂದದ್ದು, ತಮಿಳರು 'ಕತ್ತಾಳೆ' ಎನ್ನುವ ಅದೇ ಮೀನೂ ಆಗಿರಬಹುದು.

ದಾರಿಯ ದೂರ ನೋಡಿ ಮೀನು ಎಷ್ಟು ತಾಜಾ ಎಂದು ಅಳೆಯುವುದು ನಮ್ಮಲ್ಲಿ ಸಾಮಾನ್ಯ. ಮಂಗಳೂರಿನಿಂದ ಮಡಿಕೇರಿಗೆ ನಾಲ್ಕು ಗಂಟೆ, ಆದ್ದರಿಂದ ಮೀನು ನಿನ್ನೆಯದು ಎಂಬ ಲೆಕ್ಕ. ಆದರೆ ದೊಡ್ಡ ಟ್ರಾಲ್ ದೋಣಿ ಕಡಲಿನಲ್ಲಿ ಹತ್ತು ದಿನ ಉಳಿದು ಬರುತ್ತದೆ. ಮೊದಲ ದಿನದ ಮೀನೂ ಕೊನೆಯ ದಿನದ ಮೀನೂ ಒಂದೇ ದಕ್ಕೆಯಲ್ಲಿ ಇಳಿಯುತ್ತವೆ. ಬೆರಳುದ್ದದ ಮರಿ ಕಲ್ಲೂರು ಅಗ್ಗವೆಂದು ಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದರಲ್ಲಿ ಮುಳ್ಳೇ ಹೆಚ್ಚು, ಇನ್ನೂ ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ನಾವು ಬಿಟ್ಟರೂ ಅದು ಮೀನಿನ ಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ ಎಂಬ ವಾದ ನನಗೂ ಗೊತ್ತು.

ಅಡುಗೆಗೆ ಬಂದರೆ, ಕಲ್ಲೂರಿನ ಮಾಂಸ ಬಿಳಿ, ಕೊಬ್ಬು ಕಡಿಮೆ, ಬಹಳ ಮೆತ್ತಗೆ. ಬಂಗುಡೆಯಂತೆ ಕುದಿಸಿದರೆ ಸಾರಿನಲ್ಲಿ ಪುಡಿಪುಡಿಯಾಗಿ ಮುಳ್ಳಷ್ಟೇ ಉಳಿಯುತ್ತದೆ. ತುಂಡುಗಳಿಗೆ ಉಪ್ಪು, ಅರಿಶಿನ, ಅರ್ಧ ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸವರಿ ಕಾಲು ಗಂಟೆ ಇಡಿ. ಹುಳಿಗೆ ಮಾಂಸ ಗಟ್ಟಿಯಾಗುತ್ತದೆ. ಈರುಳ್ಳಿ, ಶುಂಠಿ, ಕರಿಮೆಣಸಿನ ಮಸಾಲೆ ಚೆನ್ನಾಗಿ ಕುದಿದ ಮೇಲೆಯೇ ಮೀನು ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ. ಏಳೆಂಟು ನಿಮಿಷ ಸಾಕು. ತಲೆಯನ್ನು ಎಸೆಯಬೇಡಿ, ಸಾರಿಗೆ ರುಚಿ ಕೊಡುವುದು ಅದೇ. ಅಕ್ಕಿ ಒಟ್ಟಿಯ (ರೊಟ್ಟಿಯ) ಜೊತೆ ತಲೆ ಚೀಪುವಾಗ ಹಲ್ಲಿಗೆ ಗಟ್ಟಿಯಾದದ್ದು ಸಿಕ್ಕರೆ ಅಕ್ಕಿಯ ಕಲ್ಲೆಂದು ಮನೆಯವರನ್ನು ದೂರಬೇಡಿ. ತೊಳೆದು ನೋಡಿ, ಹಲ್ಲಿನಂತೆ ಬೆಳ್ಳಗಿರುತ್ತದೆ, ಅದರ ಜೋಡಿ ತಲೆಯ ಇನ್ನೊಂದು ಬದಿಯಲ್ಲಿರುತ್ತದೆ.