ದೀಪ ಮಂಕಾದರೆ ಬಲ್ಬನ್ನು ಬೈಯಬೇಡಿ

ಹಳೇ ಟ್ರ್ಯಾಕ್ಟರಿಗೆ ಹೆಡ್‌ಲೈಟ್ ಹಾಕಿಸಿದವರ ದೂರು ಸಾಮಾನ್ಯವಾಗಿ ಒಂದೇ: ಬಲ್ಬು ಹೊಸದು, ಬ್ಯಾಟರಿ ಹೊಸದು, ಬೆಳಕು ಮಾತ್ರ ಮಂಕು. ಆಮೇಲೆ 55 ವ್ಯಾಟ್ ತೆಗೆದು 100 ವ್ಯಾಟ್ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅರ್ಥ್ ನೋಡಿ.

ಈ 'ಅರ್ಥ್' ಅನ್ನೋ ಪದವೇ ಅರ್ಧ ಗೊಂದಲಕ್ಕೆ ಕಾರಣ. ಮನೆಯಲ್ಲಾದರೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ತಂತಿ ಇಳಿಸುತ್ತೇವೆ. ಟ್ರ್ಯಾಕ್ಟರಿನ ಕರೆಂಟು ಮಣ್ಣಿಗೆ ಹೋಗುವುದೇ ಇಲ್ಲ. ಕಬ್ಬಿಣದ ಕೇಜ್ ವೀಲ್ ಹಾಕಿ ಕೆಸರುಗದ್ದೆಗೆ ಇಳಿಸಿದರೂ ಹೋಗಲ್ಲ. ಅದು ವಾಪಸ್ ಬ್ಯಾಟರಿಗೇ ಬರಬೇಕು, ಬರುವುದು ಗಾಡಿಯ ಬಾಡಿಯ ಮೂಲಕ. ಪೈಪಿನ ತಲೆ ಹಿಸುಕಿದರೂ ಬಾಲ ಹಿಸುಕಿದರೂ ನೀರು ಕಮ್ಮಿಯಾಗುತ್ತೆ ಅಲ್ವಾ? ದೇವಸ್ಥಾನದಲ್ಲಿ ಹೊರಹೋಗುವ ಬಾಗಿಲು ಕಿರಿದಾದರೆ ಒಳಬರುವ ಸಾಲೂ ನಿಲ್ಲುತ್ತೆ. ಕರೆಂಟಿಗೂ ಅದೇ ಪಾಡು.

ನಮ್ಮ ಮಾವನ ಗಾಡಿಯಲ್ಲಿ ದೀಪ ಹಚ್ಚಿ, ವೋಲ್ಟ್ ಮೀಟರಿನ ಒಂದು ಕಡ್ಡಿ ದೀಪದ ಲೋಹದ ಬುರುಡೆಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಹಿಡಿದೆ. 1.6 ವೋಲ್ಟ್! ಸೊನ್ನೆಯ ಹತ್ತಿರ ಇರಬೇಕಾದ ಜಾಗ ಅದು. ದೀಪದ ಕರೆಂಟು ಗಾಡಿಯ ಮೈಗೆ ದಾಟುವ ಬಾನೆಟ್ಟಿನ ಬೋಲ್ಟು ಮುಟ್ಟಿದರೆ ಬೆಚ್ಚಗಿತ್ತು. ಬಿಚ್ಚಿದಾಗ ವಾಷರಿನ ಕೆಳಗೆ ಪ್ರತಿ ಆಯುಧಪೂಜೆಗೆ ಬಳಿದ ಬಣ್ಣ ಪದರ ಪದರವಾಗಿ ಕೂತಿತ್ತು, ಅದರಡಿ ತುಕ್ಕು.

1.6 ವೋಲ್ಟ್ ತಾನೇ ಅನ್ನಬೇಡಿ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಲ್ಲಿ ಇಳಿಯುತ್ತೆ, ಅಂದರೆ ವೋಲ್ಟೇಜು ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತೆ. ಬಲ್ಬಿನೊಳಗಿನ ತಂತಿ ಒಂಚೂರು ತಣ್ಣಗಾದರೂ ಬಿಳಿ ಬೆಳಕು ಕೆಂಪಗಾಗಿ ಮಂಕಾಗುತ್ತೆ. 12ರಲ್ಲಿ 1.6 ಕಳೆದುಕೊಂಡರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳಕು ಹೋಯಿತು. 100 ವ್ಯಾಟ್ ಹಾಕಿದರೆ ಕರೆಂಟು ಹೆಚ್ಚಿ ಅದೇ ಬೋಲ್ಟಿನಲ್ಲಿ ಇನ್ನೂ ಜಾಸ್ತಿ ವೋಲ್ಟೇಜು ಸೋರುತ್ತೆ.

ಅಮೆರಿಕದ ಫೋರ್ಡ್ 8ಎನ್ ಇಟ್ಟುಕೊಂಡವರ ಕಷ್ಟ ಇನ್ನೂ ದೊಡ್ಡದು. 1947ರಿಂದ 1952ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಟ್ರ್ಯಾಕ್ಟರ್ ಅದು. ಅದರದ್ದು ಬರೀ 6 ವೋಲ್ಟ್. ಅಷ್ಟೇ ಬೆಳಕಿಗೆ ಎರಡರಷ್ಟು ಕರೆಂಟು ಹರಿಯಬೇಕು, ಹಾಗಾಗಿ ದಪ್ಪ ವೈರ್ ಬೇಕು. ಅಲ್ಲಿ 1 ವೋಲ್ಟ್ ಕಳೆದರೆ ಹತ್ತಿರಹತ್ತಿರ ಅರ್ಧ ಬೆಳಕೇ ಮಾಯ. ಜೊತೆಗೆ ಗಾಡಿಯ ಮೈಗೆ ಕಟ್ಟಿರುವುದು ಬ್ಯಾಟರಿಯ ಪ್ಲಸ್! ಹಳೇ ಬಲ್ಬಿಗೆ ಅದರಿಂದ ಏನೂ ಆಗಲ್ಲ, ಕರೆಂಟು ಯಾವ ಕಡೆಯಿಂದ ಬಂದರೂ ಉರಿಯುತ್ತೆ. ಸುಮ್ನೆ ಎಲ್‌ಇಡಿ ತಂದು ಸಿಕ್ಕಿಸಿದರೆ ಅದು ಹೊತ್ತಿಕೊಳ್ಳದೇ ಇರಬಹುದು.

ಮಾವನ ಗಾಡಿಗೆ ನಾವು ಎರಡೂ ದೀಪದಿಂದ ಬೇರೆ ಕಪ್ಪು ವೈರ್ ಎಳೆದು ನೇರ ಬ್ಯಾಟರಿಯ ಮೈನಸ್‌ಗೆ ಕೊಟ್ಟೆವು. ಪ್ಲಸ್ ಕಡೆ ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು, ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು. ಹಳೇ ಸ್ವಿಚ್ಚಿಗೆ ಈಗ ರಿಲೇ ಎಳೆಯುವಷ್ಟೇ ಕೆಲಸ. ಮತ್ತೆ ಮೀಟರ್ ಹಿಡಿದರೆ 0.1. ಮಾವ ದೀಪದ ಕಡೆ ಒಂದು ಸಲ ನೋಡಿದರು. ಮರುಕ್ಷಣವೇ ಸ್ಯಾಂಡ್‌ಪೇಪರ್ ಇಸಿದುಕೊಂಡು ಹಾರ್ನಿನ ಬೋಲ್ಟು ಬಿಚ್ಚತೊಡಗಿದರು.